ಆಟಿಯ ಮಳೆ, ಹೋದ ಕರೆಂಟು ಮತ್ತು ಕೋಳಿಮರಿಯ ಕಾವು

ಕಾಸರಗೋಡು ಕಡೆ ಚಳಿ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಧನು ತಿಂಗಳ ಬೆಳಗಿನ ಜಾವದಲ್ಲೂ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಟಿಯ (ಜುಲೈ–ಆಗಸ್ಟ್) ಜಡಿಮಳೆಯ ರಾತ್ರಿಯಲ್ಲೂ 23–24 ಡಿಗ್ರಿ ಇರುತ್ತದೆ. ಹಾಗಾಗಿ "ನಮ್ಮೂರಿನ ಮರಿಗೆ ಬಿಸಿ ಯಾಕೆ, ಇದೇನು ಮಡಿಕೇರಿಯಾ?" ಎಂಬ ಮಾತು ಸಹಜವಾಗಿಯೇ ಬರುತ್ತದೆ. ಆದರೆ ಮರಿಯ ಲೆಕ್ಕ ಬೇರೆ. ಮೊಟ್ಟೆಯೊಳಗೆ 21 ದಿನ ಅದು ಇದ್ದದ್ದು ಸುಮಾರು 37.5 ಡಿಗ್ರಿಯಲ್ಲಿ. ಹೊರಬಂದ ಮೊದಲ ವಾರ ಅದಕ್ಕೆ ಬೇಕಾದದ್ದು 33ರಿಂದ 35 ಡಿಗ್ರಿ. ನಮಗೆ ಹಿತವೆನಿಸುವ 24 ಡಿಗ್ರಿ ಅದಕ್ಕೆ ಬೇಕಾದದ್ದಕ್ಕಿಂತ ಹತ್ತು ಡಿಗ್ರಿ ಕಡಿಮೆ.

ಇದಕ್ಕೆ ತಿರುವುಮುರುವಾದ ತಪ್ಪೂ ಅಷ್ಟೇ ಸಾಮಾನ್ಯ. ಮರಿಗೆ ಬಿಸಿ ಬೇಕೆಂದು ಕೇಳಿದವರು ರಟ್ಟಿನ ಪೆಟ್ಟಿಗೆಯಲ್ಲಿ 100 ವ್ಯಾಟಿನ ಬಲ್ಬು ಇಳಿಬಿಟ್ಟು, ಮೇಲೆ ಗೋಣಿ ಮುಚ್ಚಿ ಇಡುತ್ತಾರೆ. ರಾತ್ರಿ ಅದು ಸರಿಯಾಗಿಯೇ ಇರುತ್ತದೆ. ಮರುದಿನ ಬಿಸಿಲೇರಿ ಹೊರಗೆ 32 ಡಿಗ್ರಿ ಆಗುವಾಗ ಪೆಟ್ಟಿಗೆಯೊಳಗೆ 42 ದಾಟಿರುತ್ತದೆ. ಮರಿಗಳಿಗೆ ಓಡಲು ಜಾಗವಿಲ್ಲ. ಹೀಗೆ ಸತ್ತವನ್ನು "ರೋಗ ಬಂತು" ಎಂದು ಲೆಕ್ಕ ಬರೆಯುವುದೇ ಹೆಚ್ಚು.

ಎರಡೂ ತಪ್ಪುಗಳ ಬೇರು ಒಂದೇ: ಬಿಸಿ ಎಂದರೆ ಇಡೀ ಗೂಡಿಗೆ ಒಂದೇ ಅಂಕಿ ಎಂಬ ಎಣಿಕೆ. ಹೇಂಟೆ ಮರಿ ಸಾಕುವುದನ್ನು ಅಂಗಳದಲ್ಲಿ ಅರ್ಧ ಗಂಟೆ ನೋಡಿದರೆ ಸಾಕು. ಮರಿಗಳು ಕೆದಕುತ್ತಾ ತಂಪಿನಲ್ಲಿ ಓಡಾಡುತ್ತವೆ, ಮೈ ತಣಿದಾಗ ಬಂದು ರೆಕ್ಕೆಯಡಿ ತೂರಿಕೊಳ್ಳುತ್ತವೆ, ಮೈ ಕಾದ ಮೇಲೆ ಮತ್ತೆ ಹೊರಗೆ. ದಿನವಿಡೀ 35 ಡಿಗ್ರಿಯಲ್ಲಿ ಕೂರುವ ಮರಿ ಯಾವುದೂ ಇಲ್ಲ. ಬ್ರೂಡರ್, ಎಂದರೆ ಮರಿಗೆ ಕಾವು ಕೊಡುವ ಗೂಡು, ಮಾಡುವವರು ನಕಲು ಮಾಡಬೇಕಾದದ್ದು ಇದನ್ನೇ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು, ನಡುವೆ ನಡೆದು ಹೋಗುವಷ್ಟು ದೂರ. ಎಲ್ಲಿ ನಿಲ್ಲಬೇಕೆಂಬುದನ್ನು ಮರಿ ನಮಗಿಂತ ಚೆನ್ನಾಗಿ ಬಲ್ಲದು.

ಮರಿಯ ಮೈಯಲ್ಲಿ ಏನು ಕೊರತೆ

ದೊಡ್ಡ ಕೋಳಿಯ ಮೈಬಿಸಿ 41 ಡಿಗ್ರಿಯ ಹತ್ತಿರ. ಅದನ್ನು ಕಾಪಾಡಲು ಅದಕ್ಕೆ ಗರಿಯ ಹೊದಿಕೆ ಇದೆ, ಮಾಂಸಖಂಡ ಇದೆ, ತಿಂದದ್ದನ್ನು ಉರಿಸಿ ಶಾಖ ಮಾಡುವ ಶಕ್ತಿ ಇದೆ. ಒಂದು ದಿನದ ಮರಿಗೆ ಇರುವುದು ತೆಳು ತುಪ್ಪುಳ ಮಾತ್ರ. ತೂಕ 35–40 ಗ್ರಾಂ. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಹಾಗಾಗಿ ಶಾಖ ಸೋರುವುದೂ ಬೇಗ. ಹಂಡೆಯ ನೀರಿಗಿಂತ ಲೋಟದ ಕಾಫಿ ಬೇಗ ಆರುವುದು ಇದೇ ಕಾರಣಕ್ಕೆ. ಮೈಬಿಸಿಯನ್ನು ತಾನೇ ನಿಭಾಯಿಸುವ ಸಾಮರ್ಥ್ಯ ಎರಡು–ಮೂರು ವಾರಗಳಲ್ಲಿ ಮೆಲ್ಲನೆ ಬರುತ್ತದೆ. ಗರಿ ಪೂರ್ತಿ ತುಂಬಲು ಐದಾರು ವಾರ ಬೇಕು.

ಹುಟ್ಟುವಾಗ ಮರಿಯ ಹೊಟ್ಟೆಯೊಳಗೆ ಉಳಿದ ಹಳದಿ ಲೋಳೆಯ ಚೀಲ ಇರುತ್ತದೆ. ಎರಡು–ಮೂರು ದಿನ ಅದರಲ್ಲೇ ಬದುಕಬಲ್ಲದು; ಹ್ಯಾಚರಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿನಲ್ಲಿ ಮರಿ ಬರುವುದು ಸಾಧ್ಯವಾಗಿರುವುದೇ ಆ ಕಾರಣದಿಂದ. ಆದರೆ ಮೈ ತಣಿದರೆ ಆ ಲೋಳೆ ಸರಿಯಾಗಿ ಕರಗುವುದಿಲ್ಲ. ಮರಿ ನಡೆಯುವುದಿಲ್ಲ, ನೀರು ಹುಡುಕುವುದಿಲ್ಲ. ಹೊಟ್ಟೆ ಉಬ್ಬಿ, ಹೊಕ್ಕುಳ ಹಸಿಯಾಗಿ, ಹಿಕ್ಕೆ ಹಿಂಭಾಗಕ್ಕೆ ಮೆತ್ತಿಕೊಂಡು ನಾಲ್ಕನೆಯ, ಐದನೆಯ ದಿನ ಸಾಯುತ್ತದೆ. ತಣಿದದ್ದು ಮೊದಲ ರಾತ್ರಿ, ಸಾವು ಕಾಣಿಸಿದ್ದು ನಾಲ್ಕು ದಿನ ಕಳೆದು. ಈ ಅಂತರದಿಂದಾಗಿಯೇ ಕಾರಣ ಗೊತ್ತಾಗದೆ ಹೋಗುತ್ತದೆ.

ಮೈಬಿಸಿ ಸೋರುವ ದಾರಿಗಳಲ್ಲಿ ನಮ್ಮೂರಿಗೆ ಮುಖ್ಯವಾದವು ಎರಡು. ಮೊದಲನೆಯದು ನೆಲ. ಮಳೆಗಾಲದ ಸಿಮೆಂಟು ನೆಲಕ್ಕೆ ಅಂಗೈ ಇಟ್ಟು ನೋಡಿ. ಗಾಳಿ ಬೆಚ್ಚಗಿದ್ದರೂ ನೆಲ ಶಾಖ ಹೀರುತ್ತಲೇ ಇರುತ್ತದೆ. ಹಾಸು ಒದ್ದೆಯಾದರಂತೂ ಬಲ್ಬು ಎಷ್ಟು ಉರಿದರೂ ಕಾಲಿನಿಂದ ಬಿಸಿ ಇಳಿದುಹೋಗುತ್ತದೆ. ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ. ತಣ್ಣಗನಿಸಿದರೆ ನೆಲ ಕಾದಿಲ್ಲ. ಎರಡನೆಯದು ಸುಳಿಗಾಳಿ. ಬಾಗಿಲ ಸಂದಿನಿಂದ ನೆಲಮಟ್ಟದಲ್ಲಿ ನುಗ್ಗುವ ಗಾಳಿ ನಿಂತಿರುವ ನಮಗೆ ತಿಳಿಯುವುದೇ ಇಲ್ಲ. ಐದು ಸೆಂಟಿಮೀಟರ್ ಎತ್ತರದ ಮರಿಗೆ ಅದು ಇಡೀ ಮೈಗೆ ಬಡಿಯುತ್ತದೆ.

25 ಮರಿಗಳ ಗೂಡು, ಅಳತೆ ಸಮೇತ

ಮನೆಯಲ್ಲಿ ಗ್ರಾಮಶ್ರೀ, ಗಿರಿರಾಜ ತಳಿ ಅಥವಾ ಊರಕೋಳಿ ಸಾಕುವವರು ಒಮ್ಮೆಗೆ ತರುವುದು ಇಪ್ಪತ್ತು–ಇಪ್ಪತ್ತೈದು ಮರಿ. ಮೂರು ವಾರದವರೆಗೆ ಮರಿಯೊಂದಕ್ಕೆ ಅರ್ಧ ಚದರ ಅಡಿ ಎಂದರೆ 12–13 ಚದರ ಅಡಿ ಬೇಕು. ನಾಲ್ಕು ಅಡಿ ವ್ಯಾಸದ ದುಂಡು ಆವರಣ ಇದಕ್ಕೆ ಸರಿಹೋಗುತ್ತದೆ. ಸುತ್ತಳತೆ ಹನ್ನೆರಡೂವರೆ ಅಡಿ, ಗೋಡೆ ಒಂದೂವರೆ ಅಡಿ ಎತ್ತರ. ತಗಡು, ದಪ್ಪ ರಟ್ಟು, ಬಿದಿರ ಚಾಪೆ ಯಾವುದಾದರೂ ಆದೀತು. ಅಡಿಕೆ ತೋಟ ಇರುವವರು ಒಣ ಹಾಳೆಗಳನ್ನು ಒಂದರ ಮೇಲೊಂದು ಬರುವಂತೆ ಹೊಲಿದು ನಿಲ್ಲಿಸಿದರೆ ಖರ್ಚಿಲ್ಲದೆ ಒಳ್ಳೆಯ ಗೋಡೆ ಸಿಗುತ್ತದೆ. ರಟ್ಟು ಮಳೆಗಾಲದಲ್ಲಿ ವಾರದೊಳಗೆ ತೇವ ಹೀರಿ ಮಡಚಿಕೊಳ್ಳುತ್ತದೆ ಎಂಬುದು ನೆನಪಿರಲಿ.

ದುಂಡಾಗಿಯೇ ಯಾಕಿರಬೇಕು ಎಂದರೆ, ಮೂಲೆ ಇದ್ದಲ್ಲಿ ಹೆದರಿದ ಅಥವಾ ತಣಿದ ಮರಿಗಳು ಒಂದರ ಮೇಲೊಂದು ಏರಿ ರಾಶಿ ಬೀಳುತ್ತವೆ. ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಚೌಕ ಪೆಟ್ಟಿಗೆಯೇ ಗತಿ ಎಂದಾದರೆ ನಾಲ್ಕು ಮೂಲೆಗಳಿಗೂ ರಟ್ಟನ್ನು ಬಾಗಿಸಿ ಅಂಟಿಸಿ.

ನೆಲಕ್ಕೆ ಮೊದಲು ಒಣ ಗೋಣಿ ಅಥವಾ ಹಳೆ ರಟ್ಟು, ಅದರ ಮೇಲೆ ಎರಡು ಇಂಚು ಹಾಸು. ಉಮಿ ಸುಲಭವಾಗಿ ಸಿಗುತ್ತದೆ. ಆಚಾರಿ ಕೀಸುಳಿ ಹಾಕುವಾಗ ಬೀಳುವ ಮರದ ಸುರುಳಿ ಇನ್ನೂ ಒಳ್ಳೆಯದು. ನಯವಾದ ಮರದ ಹುಡಿಯನ್ನು ಮರಿಗಳು ಮೇವೆಂದು ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ. ಮೊದಲ ಮೂರು ದಿನ ಹಾಸಿನ ಮೇಲೆ ಒರಟು ಗೋಣಿ ಹರಡಿದರೆ ಈ ತೊಂದರೆ ಇರುವುದಿಲ್ಲ. ಬರೀ ಪತ್ರಿಕೆಯ ಕಾಗದ ಹಾಸಬಾರದು. ಜಾರುವ ನೆಲದಲ್ಲಿ ಮರಿಯ ಕಾಲುಗಳು ಎರಡು ಬದಿಗೆ ಅಗಲಿಹೋಗಿ ಮತ್ತೆ ಕೂಡುವುದೇ ಇಲ್ಲ.

ಬಿಸಿಯ ಮೂಲ ಸರಿಯಾಗಿ ನಡುವಿನಲ್ಲಿ ಇರಲಿ, ಅಥವಾ ಆವರಣ ಉದ್ದನೆಯದಾದರೆ ಒಂದು ತುದಿಯಲ್ಲಿ. ನೀರು ಮತ್ತು ಮೇವು ಬಲ್ಬಿನ ನೇರ ಕೆಳಗೆ ಬೇಡ. ಬಿಸಿಯ ಅಂಚಿನಿಂದ ಅರ್ಧ ಅಡಿ ಹೊರಗೆ ಇಟ್ಟರೆ ಮರಿ ಅಲ್ಲಿಗೆ ಬಂದು ತಿಂದು ಹಿಂತಿರುಗುತ್ತದೆ. ಗೂಡನ್ನು ಮರಿ ಬರುವ ಮೊದಲೇ ಕಾಯಿಸಬೇಕು, ಮಳೆಗಾಲದಲ್ಲಿ ಹನ್ನೆರಡು ಗಂಟೆ ಮುಂಚೆ. ಗಾಳಿ ಅರ್ಧ ಗಂಟೆಯಲ್ಲಿ ಕಾಯುತ್ತದೆ, ಹಾಸು ಮತ್ತು ನೆಲ ಕಾಯುವುದಿಲ್ಲ. ಮರಿ ಬಂದ ಮೇಲೆ ಬಲ್ಬು ಹುಡುಕಲು ಹೊರಟವರು ಅಲ್ಲಿಗೇ ಅರ್ಧ ಸೋತಂತೆ.

ಬಲ್ಬು: ಎಷ್ಟು ವ್ಯಾಟು, ಎಷ್ಟು ಎತ್ತರ

ನಮ್ಮ ಕಡೆಯ ರೂಢಿಯ ಲೆಕ್ಕ ಮರಿಯೊಂದಕ್ಕೆ ಬೇಸಗೆಯಲ್ಲಿ ಒಂದು ವ್ಯಾಟು, ಮಳೆ–ಚಳಿಗಾಲದಲ್ಲಿ ಎರಡು. ಇನ್ನೂರು ಮರಿ ಇದ್ದಾಗ ಈ ಲೆಕ್ಕ ಸರಿ. ಇಪ್ಪತ್ತೈದಕ್ಕೆ 50 ವ್ಯಾಟು ಎಂದು ಬರುತ್ತದಾದರೂ ಅದು ಸಾಲದು. ಸಣ್ಣ ಗುಂಪಿಗೆ ಒಂದರ ಮೈಬಿಸಿ ಇನ್ನೊಂದಕ್ಕೆ ಸಿಗುವುದು ಕಡಿಮೆ. 60 ವ್ಯಾಟಿನ ಎರಡು ಬಲ್ಬುಗಳನ್ನು ಬೇರೆ ಬೇರೆ ಹೋಲ್ಡರಿನಲ್ಲಿ ಹಾಕುವುದು ಮೇಲು. 100 ವ್ಯಾಟಿನ ಒಂದೇ ಬಲ್ಬು ರಾತ್ರಿ ಎರಡು ಗಂಟೆಗೆ ಸುಟ್ಟುಹೋದರೆ ಗೂಡು ಪೂರ್ತಿ ತಣಿಯುತ್ತದೆ. ಎರಡರಲ್ಲಿ ಒಂದು ಹೋದರೆ ಮರಿಗಳು ಉಳಿದದ್ದರ ಕೆಳಗೆ ಸೇರಿ ಬೆಳಗಿನವರೆಗೆ ತಡೆದುಕೊಳ್ಳುತ್ತವೆ. ಹಗಲಿಗೆ ಒಂದನ್ನು ಆರಿಸಿದರೂ ಆಯಿತು.

ಇಲ್ಲಿ ಬೇಕಾದದ್ದು ತಂತಿ ಕಾಯುವ ಹಳೆ ಬಲ್ಬು. ಅದು ಎಳೆದುಕೊಂಡ ವಿದ್ಯುತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಶಾಖವಾಗಿಯೇ ಹೋಗುತ್ತದೆ. ದೀಪವಾಗಿ ಅದೊಂದು ದಂಡ, ಮರಿಗೆ ಅದೇ ವರ. ಎಲ್‌ಇಡಿ ಬಲ್ಬು ಹಾಕಿ "ಲೈಟು ಉರಿಯುತ್ತಿದೆಯಲ್ಲ" ಎಂದುಕೊಂಡರೆ ಬೆಳಕು ಮಾತ್ರ ಸಿಗುತ್ತದೆ. ಕೇರಳದಲ್ಲಿ ಫಿಲಮೆಂಟ್ ಬಲ್ಬುಗಳ ಮಾರಾಟ ನಿಲ್ಲಿಸುವುದಾಗಿ 2020ರ ಬಜೆಟ್ಟಿನಲ್ಲಿ ಘೋಷಣೆಯಾಯಿತು. ಅಲ್ಲಿನ ವಿದ್ಯುತ್ ಮಂಡಳಿ ಕೆಎಸ್‌ಇಬಿ ಮನೆಗಳಿಗೆ ಎಲ್‌ಇಡಿ ಹಂಚುವ ಯೋಜನೆಯನ್ನೂ ತಂದಿತು. ಹಾಗಾಗಿ ಹತ್ತಿರದ ಅಂಗಡಿಯಲ್ಲಿ 60 ವ್ಯಾಟಿನದ್ದು ಸಿಗದಿದ್ದರೆ ಆಶ್ಚರ್ಯವಿಲ್ಲ. ಕೋಳಿ ಸಾಕಣೆ ಸಾಮಾನಿನ ಅಂಗಡಿಗಳಲ್ಲಿ ಇನ್‌ಫ್ರಾರೆಡ್ ಬಲ್ಬು ಸಿಗುತ್ತದೆ, 100, 150 ಮತ್ತು 250 ವ್ಯಾಟುಗಳಲ್ಲಿ. 250 ವ್ಯಾಟಿನ ಒಂದು ಬಲ್ಬು 75ರಿಂದ 100 ಮರಿಗಳಿಗೆ. 25 ಮರಿಗಳ ಗೂಡಿಗೆ ಅದನ್ನು ಹಾಕುವುದು ಅತಿ.

ಕೆಂಪು ಗಾಜಿನದ್ದನ್ನು ತೆಗೆದುಕೊಳ್ಳುವುದು ಒಳ್ಳೆಯದು. ಇಪ್ಪತ್ತನಾಲ್ಕು ಗಂಟೆ ಬಿಳಿ ಬೆಳಕಿನಲ್ಲಿ ಮರಿಗಳು ಒಂದನ್ನೊಂದು ಕುಕ್ಕುವ ಚಟಕ್ಕೆ ಬೀಳುತ್ತವೆ. ಕೆಂಪು ಬೆಳಕಿನಲ್ಲಿ ರಕ್ತದ ಕಲೆ ಎದ್ದು ಕಾಣುವುದಿಲ್ಲ. ಬೆಳಕೇ ಇಲ್ಲದ ಸೆರಾಮಿಕ್ ಹೀಟರು ಕೂಡ ಬಲ್ಬಿನ ಹಾಗೆಯೇ ಹೋಲ್ಡರಿಗೆ ತಿರುಗಿಸುವಂಥದ್ದು. ಅದು ಉರಿಯುತ್ತಿದೆಯೋ ಇಲ್ಲವೋ ನೋಡಿ ಹೇಳಲಾಗದು, ಕೈ ಹಿಡಿದೇ ತಿಳಿಯಬೇಕು. ಒಂದು ಎಚ್ಚರಿಕೆ: ಒಡೆಯದಿರಲೆಂದು ಟೆಫ್ಲಾನ್ ಲೇಪಿಸಿದ ಬಲ್ಬು ಕೋಳಿಗೂಡಿಗೆ ಬೇಡವೇ ಬೇಡ. ಕಾದಾಗ ಅದರಿಂದ ಏಳುವ ಅನಿಲ ಹಕ್ಕಿಗಳ ಶ್ವಾಸಕೋಶವನ್ನು ಸುಡುತ್ತದೆ. ಮನುಷ್ಯರಿಗೆ ವಾಸನೆಯೂ ಬಾರದಿರಬಹುದು, ಕೋಳಿಗಳು ಸಾಲಾಗಿ ಸಾಯುತ್ತವೆ. ಅಡುಗೆಮನೆಯ ಪಕ್ಕ ಮರಿ ಇಟ್ಟವರು ನಾನ್‌ಸ್ಟಿಕ್ ಕಾವಲಿಯನ್ನು ಬರಿದೇ ಒಲೆಯ ಮೇಲೆ ಬಿಡಬಾರದು. ಅದೂ ಇದೇ ವಿಷ.

ಎತ್ತರದ ವಿಷಯಕ್ಕೆ ಬಂದರೆ, 60 ವ್ಯಾಟಿನದ್ದು ಹಾಸಿನಿಂದ ಒಂದು ಅಡಿ ಮೇಲೆ, 250 ವ್ಯಾಟಿನ ಇನ್‌ಫ್ರಾರೆಡ್ ಕನಿಷ್ಠ ಒಂದೂವರೆ ಅಡಿ ಮೇಲೆ. ಇದು ಶುರುವಿಗೆ ಮಾತ್ರ. ಆಮೇಲೆ ಮರಿಗಳನ್ನು ನೋಡಿ ಏರಿಸಿ ಇಳಿಸಬೇಕು. ಸ್ವಲ್ಪ ಏರಿಸಿದರೂ ಬಿಸಿ ಬಹಳ ಇಳಿಯುತ್ತದೆ. ಒಂದೂವರೆ ಅಡಿಯಿಂದ ಎರಡು ಅಡಿಗೆ ಏರಿಸಿದರೆ ಕೆಳಗೆ ಬೀಳುವ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಹಾಗಾಗಿ ಒಂದೊಂದು ಇಂಚಿನಂತೆ ಸರಿಸುವುದು, ಅರ್ಧ ಗಂಟೆ ಕಾದು ನೋಡುವುದು. ಫ್ಯಾನಿನ ರೆಗ್ಯುಲೇಟರ್ ಹಾಕಿ ಬಲ್ಬು ಮಂದ ಮಾಡುವ ಉಪಾಯ ಕೆಲವರದ್ದು. 60 ವ್ಯಾಟಿಗೆ ನಡೆದೀತು, 250 ವ್ಯಾಟಿಗೆ ಆ ರೆಗ್ಯುಲೇಟರ್ ಸುಟ್ಟು ಕರಗುತ್ತದೆ.

ವೋಲ್ಟೇಜಿನ ಆಟವನ್ನೂ ಗಮನಿಸಬೇಕು. ಸಂಜೆ ಎಲ್ಲರ ಮನೆಯಲ್ಲೂ ಪಂಪು, ಮಿಕ್ಸಿ ಓಡುವಾಗ ಸಾಲಿನ ಕೊನೆಯ ಮನೆಗೆ 230ರ ಬದಲು 180 ವೋಲ್ಟು ಬಂದರೆ ಬಲ್ಬಿನ ಶಾಖ ಸುಮಾರು ಮೂರನೆಯ ಒಂದು ಪಾಲು ಇಳಿಯುತ್ತದೆ. ಮಧ್ಯರಾತ್ರಿ ವೋಲ್ಟೇಜು ಏರಿದಾಗ ಅದೇ ಬಲ್ಬು ಸುಡುತ್ತದೆ. ಸಂಜೆಗೆ ಹೊಂದಿಸಿದ ಎತ್ತರ ರಾತ್ರಿಗೆ ಸರಿಯಾಗದೆ ಇರುವುದು ಇದಕ್ಕೇ, ಮರಿಗಳಿಗೆ ಓಡಿಹೋಗಲು ತಂಪು ಜಾಗ ಬೇಕೇ ಬೇಕು ಎನ್ನುವುದೂ ಇದಕ್ಕೇ.

ಬಿಸಿ ನೋಡಿ ಬಲ್ಬನ್ನು ತಾನೇ ಹತ್ತಿಸಿ ಆರಿಸುವ ಥರ್ಮೋಸ್ಟಾಟ್ ಹಾಕಬಹುದು. ಎಸ್‌ಟಿಸಿ-1000 ಎಂಬ ಹೆಸರಿನ ಸಣ್ಣ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಅದರ ಸೆನ್ಸರನ್ನು ಮರಿಯ ಬೆನ್ನಿನ ಎತ್ತರದಲ್ಲಿ, ಬಿಸಿಯ ಅಂಚಿನಲ್ಲಿ ಕಟ್ಟಬೇಕು. ಬಲ್ಬಿನ ನೇರ ಕೆಳಗೆ ಇಟ್ಟರೆ ಗೂಡು ಕಾಯುವ ಮೊದಲೇ ಆರಿಸುತ್ತದೆ, ಹಾಸಿನಲ್ಲಿ ಹೂತುಹೋದರೆ ಆರಿಸುವುದೇ ಇಲ್ಲ. ಒಳಗಿನ ರಿಲೇ (ಸ್ವಿಚ್ಚು) ಅಂಟಿಕೊಂಡು ಬಲ್ಬು ನಿಲ್ಲದೆ ಉರಿಯುವ ದಿನವೂ ಬರುತ್ತದೆ. ಹಾಗಾಗಿ ಥರ್ಮೋಸ್ಟಾಟ್ ಇದೆ ಎಂದು ಗೂಡನ್ನು ಮುಚ್ಚಿಬಿಡಬಾರದು.

ಬೆಂಕಿ ಹೇಗೆ ಹತ್ತುತ್ತದೆ

ಬ್ರೂಡರಿನ ಬೆಂಕಿಯ ಕಥೆ ಸಾಮಾನ್ಯವಾಗಿ ಹೀಗೆಯೇ: ಬಲ್ಬನ್ನು ಅದರ ವಯರಿನಿಂದಲೇ ತೂಗುಹಾಕಿರುತ್ತಾರೆ, ಬೆಕ್ಕೋ ಇಲಿಯೋ ತಾಗಿ ಅಥವಾ ಕಾದು ಮೆತ್ತಗಾದ ಹೋಲ್ಡರು ಕಳಚಿ ಒಣ ಉಮಿಯ ಮೇಲೆ ಬೀಳುತ್ತದೆ. ಉಮಿ ಕೂಡಲೇ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಜ್ವಾಲೆ ಕಾಣುವ ಹೊತ್ತಿಗೆ ಹಟ್ಟಿಯ ಮೂಲೆ ಹೋಗಿರುತ್ತದೆ.

ಬಲ್ಬಿನ ಭಾರ ಹೊರಬೇಕಾದದ್ದು ಕಬ್ಬಿಣದ ಸರಪಳಿ. ಜೊತೆಗೆ ಇನ್ನೊಂದು ಬೇರೆ ಮೊಳೆಗೆ ಕಟ್ಟಿದ ಬಿಗಿ ತಂತಿ, ಸರಪಳಿ ಕಳಚಿದರೂ ಬಲ್ಬು ಒಂದು ಅಡಿಗಿಂತ ಕೆಳಗೆ ಇಳಿಯದಷ್ಟು ಉದ್ದದ್ದು. ಪ್ಲಾಸ್ಟಿಕ್ ಹಗ್ಗ, ನೈಲಾನ್ ದಾರ ಬಿಸಿಗೆ ಕರಗುತ್ತದೆ. ಬಲ್ಬಿನ ಸುತ್ತ ತಂತಿಬಲೆಯ ಗೂಡು ಇರಲಿ. ಇನ್‌ಫ್ರಾರೆಡ್ ಮತ್ತು ಸೆರಾಮಿಕ್ ಹೀಟರಿಗೆ ಪಿಂಗಾಣಿ ಹೋಲ್ಡರೇ ಆಗಬೇಕು. ಕಪ್ಪು ಬೇಕಲೈಟ್ ಹೋಲ್ಡರು ಕೆಲವೇ ದಿನಗಳಲ್ಲಿ ಬಿರಿದು ಒಳಗಿನ ಪಿನ್ನು ಸಡಿಲವಾಗಿ ಕಿಡಿ ಹಾರಿಸುತ್ತದೆ. 250 ವ್ಯಾಟು ಎಂದರೆ ಎಳೆಯುವುದು ಒಂದು ಆಂಪಿಯರಿಗಿಂತ ಸ್ವಲ್ಪ ಹೆಚ್ಚು, ವಯರಿಗೆ ಅದೇನೂ ಭಾರವಲ್ಲ. ಸುಡುವುದು ಸಡಿಲ ಜೋಡಣೆಯಲ್ಲಿ, ಟೇಪು ಸುತ್ತಿದ ಗಂಟಿನಲ್ಲಿ. ಹೋಲ್ಡರಿನಿಂದ ಪ್ಲಗ್ಗಿನವರೆಗೆ ಗಂಟಿಲ್ಲದ ಒಂದೇ ವಯರು ಎಳೆಯುವುದು ಹೆಚ್ಚು ಖರ್ಚಿನ ಮಾತಲ್ಲ. ಒದ್ದೆ ಗೋಡೆಯ ಹಟ್ಟಿಗೆ ಕರೆಂಟು ಕೊಡುವಾಗ, ಕರೆಂಟು ಸೋರಿದೊಡನೆ ಸಾಲನ್ನು ಕಡಿಯುವ 30 ಮಿಲಿಆಂಪಿಯರಿನ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಇರುವ ಸಾಲಿನಿಂದಲೇ ಕೊಡಿ.

ಸೋರುವ ಹಂಚಿನಿಂದ ಒಂದು ಹನಿ ಕಾದ ಬಲ್ಬಿಗೆ ಬಿದ್ದರೂ ಗಾಜು ಸಿಡಿಯುತ್ತದೆ. ಮೇಲೆ ತಗಡಿನ ಮುಚ್ಚಳ, ಎರಡು ಅಡಿ ಅಗಲದ್ದು, ಹಾಕಿದರೆ ಹನಿಯೂ ತಪ್ಪುತ್ತದೆ, ಮೇಲಕ್ಕೆ ಹೋಗುವ ಶಾಖವೂ ಕೆಳಗೆ ತಿರುಗುತ್ತದೆ. ಬಿದಿರ ಬುಟ್ಟಿಯನ್ನು ಮಗುಚಿ ಬಲ್ಬಿನ ಮೇಲೆ ಹಾಕುವ ಪದ್ಧತಿ ನೋಡಲು ಚೆಂದ. ಒಣಗಿದ ಬಿದಿರಿಗೂ ಬಲ್ಬಿಗೂ ನಡುವೆ ಗೇಣು ಜಾಗ ಇಲ್ಲದಿದ್ದರೆ ಅದು ಕಟ್ಟಿಗೆಯೇ.

ಕೆಂಡದ ಮಡಕೆ

ಗೆರಟೆಯ (ತೆಂಗಿನ ಚಿಪ್ಪಿನ) ಕೆಂಡವನ್ನು ಮಡಕೆಯಲ್ಲಿ ತುಂಬಿ ಗೂಡಿನಲ್ಲಿಡುವುದು ಹಳೆಯ ಕ್ರಮ. ಹೊಗೆ ಬರುವುದಿಲ್ಲ, ಗಂಟೆಗಟ್ಟಲೆ ಕಾವು ಇರುತ್ತದೆ. ಅಪಾಯ ಇರುವುದು ಆ ಹೊಗೆಯಿಲ್ಲದ ಸ್ವಭಾವದಲ್ಲೇ. ಗಾಳಿ ಸಾಲದೆ ಕನಲುವ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಹಳೆ ಮನೆಯ ಹಂಚಿನ ಸಂದಿಗಳಲ್ಲಿ ಗಾಳಿ ತಾನಾಗಿ ಆಡುತ್ತಿತ್ತು. ತಾರಸಿ ಮನೆಯ ಸ್ಟೋರ್‌ರೂಮಿನಲ್ಲಿ ಕಿಟಕಿ ಮುಚ್ಚಿ ಅದೇ ಕೆಲಸ ಮಾಡಿದರೆ ಮರಿಗಳೂ ಹೋಗುತ್ತವೆ, ಪಕ್ಕದಲ್ಲಿ ಮಲಗಿದವರಿಗೂ ಗಂಡಾಂತರ. ಜನ ಮಲಗುವ ಕೋಣೆಯಲ್ಲಿ, ಅದಕ್ಕೆ ಬಾಗಿಲು ತೆರೆದಿರುವ ಕೋಣೆಯಲ್ಲಿ ಕೆಂಡ ಇಡಲೇಬಾರದು. ಸೀಮೆಎಣ್ಣೆ ದೀಪಕ್ಕೂ ಇದೇ ಮಾತು. ತೆರೆದ ಹಟ್ಟಿಯಲ್ಲಿ ಬೇರೆ ದಾರಿಯಿಲ್ಲದೆ ಇಡುವುದಾದರೆ, ಹೊರಗೆ ಪೂರ್ತಿ ಬೂದಿ ಮುಸುಕುವವರೆಗೆ ಉರಿಸಿ, ದಪ್ಪ ಮಣ್ಣಿನ ಮಡಕೆಯಲ್ಲಿ ತುಂಬಿ, ಇಟ್ಟಿಗೆಯ ಮೇಲೆ ನಿಲ್ಲಿಸಿ, ಸುತ್ತ ತಂತಿಬಲೆ ಕಟ್ಟಬೇಕು. ಎದುರುಬದುರು ಗೋಡೆಗಳಲ್ಲಿ ಮೇಲ್ಭಾಗ ತೆರೆದಿರಬೇಕು.

ಕರೆಂಟು ಹೋದ ರಾತ್ರಿಗೆ ನೀರು

ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ. ಇನ್ವರ್ಟರಿನ ಲೆಕ್ಕ ಮೊದಲು ನೋಡೋಣ. 12 ವೋಲ್ಟಿನ 150 ಆಂಪಿಯರ್–ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್–ಅವರ್ ಇದೆ. ಬ್ಯಾಟರಿ ಹಾಳಾಗದಂತೆ ಅರ್ಧ ಮಾತ್ರ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು 700ರಷ್ಟು. 120 ವ್ಯಾಟಿನ ಬಲ್ಬುಗಳಿಗೆ ಆರು ತಾಸು ಸಿಕ್ಕೀತು, 250ಕ್ಕೆ ಮೂರು ತಾಸೂ ಇಲ್ಲ. ಮನೆಯ ಫ್ಯಾನು, ಲೈಟು ಅದರಲ್ಲೇ ಓಡಿದರೆ ಇನ್ನೂ ಕಡಿಮೆ.

ಆದರೆ ನಮ್ಮ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಬ್ಯಾಟರಿಯೊಂದು ಇದೆ, ಬಚ್ಚಲ ಹಂಡೆ. ಅಡಿಕೆ ಸಿಪ್ಪೆ, ತೆಂಗಿನ ಮಡಲು ಹಾಕಿ ಸಂಜೆ ಕಾಯಿಸಿದ ನೀರು ಮಧ್ಯರಾತ್ರಿಗೂ ಬಿಸಿ. ಐದು ಲೀಟರ್ ನೀರು 70 ಡಿಗ್ರಿಯಿಂದ 40ಕ್ಕೆ ಇಳಿಯುವಾಗ ಬಿಡುವ ಶಾಖ ಸುಮಾರು 175 ವ್ಯಾಟ್–ಅವರ್. ಎಂದರೆ 40 ವ್ಯಾಟಿನ ಬಲ್ಬು ನಾಲ್ಕು ತಾಸಿಗಿಂತ ಹೆಚ್ಚು ಉರಿದಂತೆ. ಇಟ್ಟಿಗೆ ಕಾಯಿಸಿ ಇಡುವವರೂ ಇದ್ದಾರೆ. ಅದೇ ತೂಕದ ಇಟ್ಟಿಗೆ ಹಿಡಿದಿಡುವ ಶಾಖ ನೀರಿನದರ ಐದನೆಯ ಒಂದು ಪಾಲು, ಗಂಟೆಗೊಮ್ಮೆ ಬದಲಿಸಬೇಕಾಗುತ್ತದೆ.

ಸ್ಟೀಲಿನ ಕೊಡಪಾನಕ್ಕೆ ನೀರು ತುಂಬಿ, ಬಾಯಿಗೆ ತಟ್ಟೆ ಬಿಗಿಯಾಗಿ ಕಟ್ಟಿ, ಮೈಗೆ ಒಂದು ಸುತ್ತು ಗೋಣಿ ಸುತ್ತಿ ಗೂಡಿನ ನಡುವೆ ನಿಲ್ಲಿಸಬೇಕು. ಗೋಣಿಯ ಮೇಲೆ ಒಳಮಣಿಗಂಟನ್ನು ಇಟ್ಟರೆ ಹಿತವಾದ ಬಿಸಿ ತಾಗಬೇಕು, ಚುರುಕು ಅನಿಸಿದರೆ ಇನ್ನೊಂದು ಸುತ್ತು. ಮಣ್ಣಿನ ಮಡಕೆ ಬೇಡ, ಅದು ಬೆವರಿ ಹಾಸು ಒದ್ದೆ ಮಾಡುತ್ತದೆ. ನೀರಿನ ಸಾಮಾನ್ಯ ಬಾಟಲಿ 70 ಡಿಗ್ರಿಗೆ ಮುದುಡಿಕೊಂಡು ಸೋರುತ್ತದೆ. ದಪ್ಪ ಪ್ಲಾಸ್ಟಿಕ್ಕಿನ ಕ್ಯಾನು ತಡೆಯುತ್ತದೆ. ಕೊಡಪಾನದ ಮೇಲಿನಿಂದ ಹಳೆ ಕಂಬಳಿಯನ್ನು ಗುಡಾರದ ಹಾಗೆ ಇಳಿಬಿಟ್ಟು, ಒಂದು ಬದಿ ಮರಿ ಹೋಗಿಬರುವಷ್ಟು ತೆರೆದಿಟ್ಟರೆ ಅದು ಹೇಂಟೆಯ ಹೊಟ್ಟೆಗೆ ಹತ್ತಿರವಾಗುತ್ತದೆ. ಎರಡು ಕೊಡಪಾನ ಇಟ್ಟುಕೊಂಡು ಮೂರು ತಾಸಿಗೊಮ್ಮೆ ಒಂದೊಂದನ್ನೇ ಬದಲಿಸಿ. ಎರಡನ್ನೂ ಒಟ್ಟಿಗೆ ತೆಗೆಯಬೇಡಿ.

ಕರೆಂಟು ಹೋದಾಗ ತಣಿಯುವುದಕ್ಕಿಂತ ಮೊದಲು ಮರಿಗಳನ್ನು ಕೊಲ್ಲುವುದು ಕತ್ತಲೆ. ಹುಟ್ಟಿದಂದಿನಿಂದ ಬೆಳಕೇ ನೋಡಿದ ಮರಿಗಳು ತಟ್ಟನೆ ಕತ್ತಲಾದರೆ ಗಾಬರಿಯಿಂದ ಒಂದೆಡೆ ನುಗ್ಗಿ ರಾಶಿಯಾಗುತ್ತವೆ. ಎರಡನೆಯ ದಿನದಿಂದಲೇ ರಾತ್ರಿ ಹತ್ತಿಪ್ಪತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಬಲ್ಬು ಆರಿಸಿ ಕತ್ತಲೆಯ ರೂಢಿ ಮಾಡಿಸಬೇಕು. ಕರೆಂಟು ಹೋದೊಡನೆ ತಾನೇ ಹತ್ತುವ ಸಣ್ಣ ಎಮರ್ಜೆನ್ಸಿ ಎಲ್‌ಇಡಿ ಒಂದಿದ್ದರೆ ಇನ್ನೂ ಒಳ್ಳೆಯದು. ಎಲ್‌ಇಡಿ ಉಪಯೋಗಕ್ಕೆ ಬರುವುದು ಇಲ್ಲಿ.

ಥರ್ಮಾಮೀಟರಿಗಿಂತ ಮೊದಲು ಮರಿ

ಥರ್ಮಾಮೀಟರು ಬೇಡವೆಂದಲ್ಲ. ಹಾಸಿನಿಂದ ಎರಡು ಇಂಚು ಮೇಲೆ, ತಗಡಿನ ಮುಚ್ಚಳದ ಅಂಚಿನ ಕೆಳಗೆ ನೇತುಹಾಕಿ. ಮೊದಲ ವಾರ 35ರಿಂದ ಶುರುಮಾಡಿ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ: ಎರಡನೆಯ ವಾರ 32, ಮೂರನೆಯದು 29, ನಾಲ್ಕನೆಯದು 26. ಗೋಡೆಗೆ ಮೊಳೆ ಹೊಡೆದು ಕಣ್ಣಿನ ಎತ್ತರಕ್ಕೆ ತೂಗುಹಾಕಿದ ಥರ್ಮಾಮೀಟರು ಹೇಳುವುದು ನಿಮ್ಮ ಉಷ್ಣತೆಯನ್ನು, ಮರಿಯದ್ದನ್ನಲ್ಲ.

ಬಲ್ಬಿನ ಕೆಳಗೆ ಗುಂಪುಗೂಡಿ, ಚೀಂವ್ ಚೀಂವ್ ಎಂದು ಎತ್ತರದ ದನಿಯಲ್ಲಿ ನಿಲ್ಲಿಸದೆ ಕೂಗುತ್ತಿದ್ದರೆ ಚಳಿ. ಆವರಣದ ಗೋಡೆಗೆ ಒತ್ತಿಕೊಂಡು, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಆಗ ಸದ್ದು ಇರುವುದಿಲ್ಲ, ಆ ಮೌನವನ್ನು ನೆಮ್ಮದಿ ಎಂದುಕೊಳ್ಳುವವರು ಮೋಸ ಹೋಗುತ್ತಾರೆ. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಚದರಿ ಕೆಲವು ತಿನ್ನುತ್ತಾ, ಕೆಲವು ಕಾಲು ಚಾಚಿ ಮಲಗಿ, ಮೆತ್ತಗೆ ಗುನುಗುತ್ತಿದ್ದರೆ ಥರ್ಮಾಮೀಟರು ಏನೇ ಹೇಳಲಿ, ಮುಟ್ಟಲು ಹೋಗಬೇಡಿ.

ನೋಡಬೇಕಾದ ಹೊತ್ತು ರಾತ್ರಿ ಊಟವಾದ ಮೇಲೆ ಒಮ್ಮೆ, ಬೆಳಗಿನ ಜಾವ ಮೂರು–ನಾಲ್ಕರ ನಡುವೆ ಇನ್ನೊಮ್ಮೆ. ಆಗ ತಂಪು ಹೆಚ್ಚು. ಮಧ್ಯಾಹ್ನ ಎರಡು ಗಂಟೆಗೂ ಒಂದು ಸಲ. ಬೇಸಗೆಯಲ್ಲಿ ಅದು ರಾತ್ರಿಗಿಂತ ಮುಖ್ಯ.

ಇನ್ನೊಂದು ಪರೀಕ್ಷೆ ಕೈಯಲ್ಲೇ ಇದೆ. ಮರಿ ಬಂದು ಎಂಟು ತಾಸಾದ ಮೇಲೆ ಹತ್ತನ್ನು ಹಿಡಿದು ಕುತ್ತಿಗೆಯ ಬುಡದ ಮೇವಿನ ಚೀಲ ಮುಟ್ಟಿ ನೋಡಿ. ಎಂಟರದ್ದಾದರೂ ಮೆತ್ತಗೆ ತುಂಬಿರಬೇಕು, ಮರುದಿನಕ್ಕೆ ಎಲ್ಲದರದ್ದೂ. ಚೀಲ ಬರಿದಾಗಿದ್ದರೆ ಮರಿ ಬೆಚ್ಚಗಿಲ್ಲ ಅಥವಾ ನೀರು ಕಂಡಿಲ್ಲ. ಗಟ್ಟಿಯಾಗಿದ್ದರೆ ತಿಂದಿದೆ, ಕುಡಿದಿಲ್ಲ. ಬಂದೊಡನೆ ಮೊದಲು ಕೊಡಬೇಕಾದದ್ದು ನೀರು, ಅದೂ ಬಾವಿಯಿಂದ ಆಗಷ್ಟೇ ಸೇದಿದ ತಣ್ಣೀರಲ್ಲ. ಎರಡು–ಮೂರು ಮರಿಗಳ ಕೊಕ್ಕನ್ನು ಅದಕ್ಕೆ ಅದ್ದಿದರೆ ಉಳಿದವು ನೋಡಿ ಕಲಿಯುತ್ತವೆ.

ಬೆಚ್ಚಗಿಡುವ ಭರದಲ್ಲಿ ಗಾಳಿ ಕಟ್ಟಬೇಡಿ

ಮಳೆ ಬಂತೆಂದು ಹಟ್ಟಿಯ ಸುತ್ತ ಟಾರ್ಪಾಲು ಕಟ್ಟಿ ಮೇಲಿನಿಂದ ಕೆಳಗಿನವರೆಗೆ ಮುಚ್ಚುವುದು ಈ ಭಾಗದ ದೊಡ್ಡ ತಪ್ಪು. ಹೊರಗೆ ಮೊದಲೇ ಗಾಳಿ ತೇವದಿಂದ ತುಂಬಿದೆ. ಒಳಗೆ ಮರಿಗಳ ಉಸಿರು, ಹಿಕ್ಕೆ, ಚೆಲ್ಲಿದ ನೀರು ಎಲ್ಲ ಸೇರಿ ಹಾಸು ಎರಡೇ ದಿನದಲ್ಲಿ ಹಿಟ್ಟಿನಂತಾಗುತ್ತದೆ. ಆಮೇಲೆ ಅಮೋನಿಯಾ. ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣು ಉರಿದರೆ ಮರಿಗಳ ಶ್ವಾಸನಾಳ ರಾತ್ರಿಯಿಡೀ ಉರಿದಿದೆ. ನಿಂತು ಮೂಸಿದರೆ ಸಾಲದು, ಮಂಡಿಯೂರಿ ಹಾಸಿನ ಮಟ್ಟಕ್ಕೆ ಮೂಗು ತರಬೇಕು.

ರಕ್ತಭೇದಿಯ ಕಾಕ್ಸಿಡಿಯಾ ಜೀವಿಗಳು ಹಿಕ್ಕೆಯಲ್ಲಿ ಹೊರಬಿದ್ದು ರೋಗ ಹರಡಲು ಸಜ್ಜಾಗುವುದು ತೇವ ಮತ್ತು 25–28 ಡಿಗ್ರಿಯ ಬೆಚ್ಚನೆಯಲ್ಲಿ. ನಮ್ಮ ಮಳೆಗಾಲದ ಹಟ್ಟಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೂರನೆಯ, ನಾಲ್ಕನೆಯ ವಾರದಲ್ಲಿ ಮರಿಗಳು ತೂಕಡಿಸಿ ಕೆಂಪು ಹಿಕ್ಕೆ ಹಾಕತೊಡಗಿದರೆ ಬಲ್ಬನ್ನಲ್ಲ, ಹಾಸನ್ನು ನೋಡಬೇಕು. ಔಷಧಿಗೆ ಪಂಚಾಯತಿನ ಪಶುವೈದ್ಯರ ಹತ್ತಿರ ಹೋಗಬೇಕು. ಟಾರ್ಪಾಲನ್ನು ಕೆಳಗಿನಿಂದ ಮರಿಯ ಆವರಣದ ಎತ್ತರಕ್ಕಿಂತ ಮೇಲಿನವರೆಗೆ ಬಿಗಿಯಾಗಿ ಕಟ್ಟಿ, ಮಾಡಿನ ಕೆಳಗೆ ಒಂದು ಅಡಿ ತೆರೆದಿಡಿ. ಬೆಚ್ಚನೆಯ ತೇವದ ಗಾಳಿ ಮೇಲಿನಿಂದ ಹೋಗಲಿ. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲೆ ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಚೆಲ್ಲುವುದು ಅರ್ಧ ಕಡಿಮೆಯಾಗುತ್ತದೆ. ಹಾಸನ್ನು ದಿನಕ್ಕೊಮ್ಮೆ ಕೈಯಾಡಿಸಿ, ಮುಷ್ಟಿ ಕಟ್ಟಿದರೆ ಉಂಡೆಯಾಗುವ ಜಾಗದ್ದನ್ನು ತೆಗೆದು ಒಣ ಉಮಿ ಹಾಕಿ. ಮಳೆಗಾಲದಲ್ಲಿ ಬೆಚ್ಚಗಿನ ಗೂಡಿಗೆ ಇರುವೆ ಸಾಲು ಕಟ್ಟಿ ಬರುತ್ತದೆ, ಏಳಲಾಗದ ಮರಿಯ ಕಣ್ಣಿಗೇ ಮುತ್ತುತ್ತದೆ; ಪೆಟ್ಟಿಗೆಯಾದರೆ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಗೆರಟೆಯಲ್ಲಿ ನಿಲ್ಲಿಸಬಹುದು.

ಕಾವು ಬಿಡಿಸುವುದು

ಏಪ್ರಿಲ್–ಮೇಯಲ್ಲಿ ಹಗಲು ಹೊರಗೇ 33–34 ಡಿಗ್ರಿ ಇರುವುದರಿಂದ ಮೂರನೆಯ ದಿನದಿಂದಲೇ ಹಗಲಿನ ಬಲ್ಬು ಬೇಡ. ಎರಡು ವಾರಕ್ಕೆ ರಾತ್ರಿಯದ್ದೂ ನಿಲ್ಲಬಹುದು. ಮಳೆಗಾಲದಲ್ಲಿ ಮೂರು ವಾರ ಹಿಡಿಯಿರಿ. ಡಿಸೆಂಬರ್–ಜನವರಿಯಲ್ಲಿ ಹಗಲು ಬಿಸಿ, ಬೆಳಗಿನ ಜಾವ ತಂಪು. ನಾಲ್ಕನೆಯ ವಾರದ ಕೊನೆಯವರೆಗೂ ರಾತ್ರಿ ಒಂದು ಬಲ್ಬು ಉರಿಯಲಿ. ಮೊದಲು ಹಗಲಿನದ್ದು ನಿಲ್ಲಿಸಿ, ಆಮೇಲೆ ಸಂಜೆಯದ್ದು, ಕೊನೆಗೆ ಬೆಳಗಿನ ಜಾವದ್ದು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿದ ದಿನ ಬಿಸಿ ಇಳಿಸಬೇಡಿ, ಒಂದೇ ದಿನ ಎರಡು ಭಾರ ಮರಿಗೆ ಹೆಚ್ಚಾಗುತ್ತದೆ. ಬೆನ್ನಿನ ಮೇಲೆ ಗರಿ ಕೂಡಿಲ್ಲದ ಮರಿ ಗುಂಪಿನಲ್ಲಿ ಎರಡು ಮೂರು ಇದ್ದರೂ ಬಲ್ಬು ಅವುಗಳ ಲೆಕ್ಕಕ್ಕೆ ಇರಲಿ. ಉಳಿದವು ತಂಪಿನ ಕಡೆ ಹೋಗಿ ಮಲಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ, ಮನೆಯಲ್ಲಿ ಕಾವಿಗೆ ಕೂತ ಊರಕೋಳಿ ಇದ್ದರೆ ಬಲ್ಬು ಕೊಳ್ಳುವ ಮೊದಲು ಅದನ್ನು ಕೇಳಿ ನೋಡಬಹುದು. ಒಂದು ದಿನದ ಮರಿಗಳನ್ನು ರಾತ್ರಿ ಕತ್ತಲಲ್ಲಿ, ದೀಪ ಹಿಡಿಯದೆ, ಮೆತ್ತಗೆ ಅದರ ಹೊಟ್ಟೆಯಡಿ ಸೇರಿಸಿ ಅಲ್ಲಿದ್ದ ಮೊಟ್ಟೆಗಳನ್ನು ತೆಗೆಯಬೇಕು. ಬೆಳಿಗ್ಗೆ ಅದು ಗುರ್ ಎನ್ನದೆ ಮರಿಗಳನ್ನು ಕರೆದರೆ ಕೆಲಸ ಮುಗಿಯಿತು. ಕುಕ್ಕತೊಡಗಿದರೆ ಕೂಡಲೇ ಹಿಂದೆ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹತ್ತು–ಹನ್ನೆರಡಕ್ಕಿಂತ ಹೆಚ್ಚು ಮರಿ ಒಂದು ಹೇಂಟೆಯ ರೆಕ್ಕೆಯಡಿ ಹಿಡಿಸುವುದಿಲ್ಲ. ಅಂಚಿನಲ್ಲಿ ಉಳಿದವು ಒದ್ದೆಯಾಗುತ್ತವೆ.